ಸೋಮವಾರದ ಗುಳಿಗೆ

"ಕೆಮ್ಮಿದ್ದಕ್ಕೇ ಪಕ್ಕೆಲುಬು ಮುರೀತಾ?" ಎಂದು ಪಕ್ಕದ ಸೀಟಿನವಳು ಕೇಳಿದಾಗ ಸುಮನಾ ಕಿಟಕಿಯ ಕಡೆ ತಿರುಗಿದಳು. ತಂಗಿಯ ವಿಷಯ ಎತ್ತಬಾರದಿತ್ತು. ಬಸ್ಸು ಅವಳೂರು ಮೇಳಿಗೆಯಲ್ಲಿ ನಿಂತಾಗ ಇಳಿದಳು.

ತಂಗಿ ಚೈತನ್ಯಾಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್, ಶ್ವಾಸಕೋಶವನ್ನೂ ಜೀರ್ಣಶಕ್ತಿಯನ್ನೂ ಕೆಡಿಸುವ ಕಾಯಿಲೆ. ಹತ್ತೊಂಬತ್ತು ವರ್ಷಕ್ಕೆ ಮೂಳೆ ಮುದುಕಿಯದು. ವಾರಕ್ಕೊಂದು ವಿಟಮಿನ್ ಡಿ ಗುಳಿಗೆ ತಪ್ಪದೆ ನುಂಗಿದರೂ ರಕ್ತದಲ್ಲಿ ಅದು ಸಾಲದು. ಯಾವಾಗ ಕೊಡುತ್ತೀರಿ ಎಂದು ಡಾಕ್ಟರ್ ಶನಿವಾರ ಕೇಳಿದ್ದರು. ಸೋಮವಾರ ಬೆಳಿಗ್ಗೆ, ಖಾಲಿ ಹೊಟ್ಟೆಗೆ ಎಂದಿದ್ದಳು ಸುಮನಾ. ಅವರು ಬರೆಯುವುದನ್ನು ನಿಲ್ಲಿಸಿದರು. ಅದು ಜಿಡ್ಡಿನಲ್ಲಿ ಕರಗುವಂಥದ್ದು. ತುಪ್ಪದ ಊಟ, ಜೊತೆಗೆ ಜೀರ್ಣದ ಗುಳಿಗೆ ಇಲ್ಲದಿದ್ದರೆ ಈ ಕಾಯಿಲೆಯವರ ಮೈಗೆ ಹತ್ತುವುದಿಲ್ಲ ಎಂದರು.

ಸುಮನಾ ಸಾಗರದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತಾಳೆ.

ಸೋಮವಾರವನ್ನು ಆರಿಸಿದವಳೂ ಅವಳೇ. ಅಮ್ಮ ಗುತ್ಯಮ್ಮ ಮಗಳ ಕಾಯಿಲೆಗೆಂದು ಹರಕೆ ಹೊತ್ತಿದ್ದಳು: ಸೋಮವಾರ ತಾಯಿ ಮಗಳಿಬ್ಬರಿಗೂ ಒಪ್ಪತ್ತು, ಬೆಳಗಿನ ತೀರ್ಥ ಬಿಟ್ಟರೆ ಮಧ್ಯಾಹ್ನದ ಪೂಜೆಯವರೆಗೆ ಏನೂ ಇಲ್ಲ. ಆ ದಿನವನ್ನು ಅಮ್ಮ ಮರೆಯುವುದಿಲ್ಲ. ಅದಕ್ಕೇ, ತೀರ್ಥದ ಜೊತೆಗೇ ಗುಳಿಗೆ ಕೊಡು ಎಂದು ಸುಮನಾ ಹೇಳಿದ್ದಳು. ಮೂರು ವರ್ಷವಾಯಿತು.

ಅಂದೂ ಸೋಮವಾರ. ಮನೆಯಲ್ಲಿ ಮಧ್ಯಾಹ್ನದ ಪೂಜೆ ಮುಗಿದಿತ್ತು. ಚೈತನ್ಯಾ ಪಕ್ಕೆಗೆ ದಿಂಬೊತ್ತಿಕೊಂಡು ಊಟಕ್ಕೆ ಕೂತಿದ್ದಳು.

"ಮೇಡಂ ಬಂದ್ರು. ಎದ್ದು ನಿಲ್ಲಕ್ಕಾಗಲ್ಲ, ಹೊರಗೆ ಕಳಿಸ್ಬೇಡಿ."

ಸುಮನಾ ನಗಲಿಲ್ಲ. "ಅಮ್ಮಾ, ಮುಂದಿನ ವಾರದಿಂದ ಆ ಗುಳಿಗೆನ ಊಟದ ಜೊತೆ ಕೊಡು."

"ಡಾಕ್ಟ್ರು ಹೇಳಿದ್ರಾ?"

"ಹ್ಞೂಂ."

"ಹಂಗಾರೆ ಇಷ್ಟು ದಿನ ಕೊಟ್ಟಿದ್ದು ದಂಡನಾ?"

ಹೌದೆಂದರೆ, ಹಾಗೆ ಕೊಡಲು ಹೇಳಿದ್ದು ಯಾರು ಎಂಬ ಮಾತು ಬರುತ್ತದೆ.

"ಇಲ್ಲ. ಅದೂ ಸರೀನೇ ಇತ್ತು."

ಗುತ್ಯಮ್ಮ ಸೌಟು ಹಿಡಿದು ನಿಂತಳು. "ಗುಳಿಗೆ ಸರಿ ಇದ್ದೂ ಮೂಳೆ ಮುರೀತು ಅಂದ್ರೆ, ನನ್ನ ವ್ರತನೇ ಸಾಲ್ಲಿಲ್ಲ."

ಚೈತನ್ಯಾಗೆ ಬಡಿಸಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಇನ್ನು ಸೋಮವಾರ ಒಪ್ಪತ್ತಲ್ಲ, ಇಬ್ಬರಿಗೂ ಇಡೀ ದಿನ ಉಪವಾಸ ಎಂದು ಅಲ್ಲಿಂದಲೇ ಹೇಳಿದಳು.

"ಬಿಡಕ್ಕ, ನಂಗೇನು ಹಸಿವಿಲ್ಲ," ಎಂದಳು ಚೈತನ್ಯಾ.

ಸುಮನಾ ಅಡುಗೆಮನೆಯ ಬಾಗಿಲವರೆಗೆ ಹೋದಳು. ಅಮ್ಮ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚುತ್ತಿದ್ದಳು.

"ವಾಪಸ್ ಬಸ್ಸು ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದಳು ಸುಮನಾ.

ತಿರುಗಿದಾಗ ಚೈತನ್ಯಾ ಮುಷ್ಟಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ಊಟಕ್ಕೆಂದು ತೆಗೆದಿಟ್ಟುಕೊಂಡಿದ್ದ ಎರಡು ಜೀರ್ಣದ ಗುಳಿಗೆಗಳು ಬೆವರಿಗೆ ಮೆತ್ತಗಾಗಿ, ಅಂಗೈಗೆ ಅಂಟಿಕೊಂಡು, ಅಲ್ಲೇ ಕರಗತೊಡಗಿದ್ದವು.