ಕೊಕ್ಕರೆ ರಾಣಿಯ ನಕಲು

ಡಿಸೆಂಬರಿನ ಪೀಟರ್ಸ್‌ಬರ್ಗಿನಲ್ಲಿ ನಕಲು ಬರೆಯುವವರಿಗೆ ದಿನಕ್ಕೆ ನಾಲ್ಕು ಗಂಟೆಯ ಬೆಳಕು ಸಿಕ್ಕರೆ ಪುಣ್ಯ. ದೀಪದಡಿಯಲ್ಲಿ ಬಣ್ಣ ಕಲಸುವವರು ಶುದ್ಧ ಮೂರ್ಖರೆಂದು ಫೈನಾ ಗೆರ್ಮಾನೊವ್ನಾ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. ಈ 1992ರ ಹೊತ್ತಿಗೆ ಆ ಮಾತು ಕೇಳಿಸಿಕೊಳ್ಳಲು ಮ್ಯೂಸಿಯಮ್ಮಿನಲ್ಲಿ ಅವಳನ್ನು ಬಿಟ್ಟು ಬೇರೆ ನಕಲುಗಾರರೇ ಉಳಿದಿರಲಿಲ್ಲ.

ಕೆಲಸ ಇಷ್ಟೆ: ಬ್ಯಾಲೆ ನೃತ್ಯಗಳಿಗಾಗಿ ಹಿಂದಿನ ಕಲಾವಿದರು ಬರೆದಿಟ್ಟ ಉಡುಪಿನ ಚಿತ್ರಗಳನ್ನು ಕೂದಲೆಳೆಯಷ್ಟೂ ತಪ್ಪದೆ ಕೈಯಲ್ಲೇ ಮತ್ತೆ ಬರೆಯುವುದು. ಮೂಲ ಚಿತ್ರ ಪರದೇಶ ಸುತ್ತುವಾಗ ಗೋಡೆಯ ಮೇಲೆ ನಕಲು ತೂಗುತ್ತದೆ. ನಕಲಿಗೆ ಸಹಿ ಹಾಕುವಂತಿಲ್ಲ. ಅಳತೆಯಲ್ಲೂ ಅದು ಮೂಲಕ್ಕಿಂತ ಒಂದು ಬೆರಳು ಚಿಕ್ಕದಿರಬೇಕು. ಇಲ್ಲದಿದ್ದರೆ ಯಾವುದು ಯಾವುದೆಂದು ನಾಳೆ ದೇವರಿಗೂ ತಿಳಿಯುವುದಿಲ್ಲ.

ಆ ಸೋಮವಾರ ಉಗ್ರಾಣದ ಪಾಲಕಿ ಅಗ್ನಿಯಾ ಸವೆಲ್ಯೆವ್ನಾ ಒಂದು ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ತಂದಿಟ್ಟಳು. 1911ರ 'ಕೊಕ್ಕರೆ ರಾಣಿ'. ಬೂದುನೀಲಿ ಗರಿಗಳ ಲಂಗ, ಒಂದು ಕಾಲಿನ ಮೇಲೆ ನಿಂತ ಹೆಣ್ಣು.

"ತಗೋ ಫೈನಾ, ನಿನ್ನ ಹಳೇ ಸವತಿ. ಪ್ಯಾರಿಸ್ಸಿಗೆ ಹೊರಟಿದಾಳೆ. ಅಲ್ಲಿಯ ತಜ್ಞರು ಶುಕ್ರವಾರ ಬರ್ತಾರಂತೆ, ಭೂತಗನ್ನಡಿ ಹಿಡ್ಕೊಂಡು."

"ಭೂತಗನ್ನಡಿ ಯಾಕೆ, ಒಂದಿಷ್ಟು ಬೆಣ್ಣೆ ಹಿಡ್ಕೊಂಡು ಬರೋಕೆ ಹೇಳು. ಎಲೆಕೋಸಿನ ಸಾರು ಕುಡಿದೂ ಕುಡಿದೂ ನನ್ನ ಕುಂಚಕ್ಕೂ ಅದೇ ವಾಸನೆ."

ಅಗ್ನಿಯಾ ನಗುತ್ತ ಹೋದಳು. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಗಂಡನಿಗೆ ಮೂರು ಹೊತ್ತೂ ಚಮಚದಲ್ಲಿ ಉಣಿಸುವ ಹೆಂಗಸು, ಆದರೂ ನಗುತ್ತಿದ್ದಳು.

ಸವತಿ ಎಂದದ್ದು ಸುಳ್ಳಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಫೈನಾ ಇದೇ ಚಿತ್ರದ ನಕಲು ಬರೆದಿದ್ದಳು, ಅದೂ ಸೊಕ್ಕಿನಿಂದ, ಹಳೆಯ ಕಾಗದದ ಮೇಲೆ, ಮೂಲದಷ್ಟೇ ಅಳತೆಗೆ. ದರ್ಜಿಗಳಿಗೆ ತಿಳಿಯಲೆಂದು ಮೂಲದ ಅಂಚಿಗೆ ಒಂದು ಕಾಲದಲ್ಲಿ ಏಳು ಬಟ್ಟೆಚೂರು ಚುಚ್ಚಿದ್ದರು. ಚೂರುಗಳು ಉದುರಿಹೋಗಿ ಸೂಜಿತೂತುಗಳು ಮಾತ್ರ ಉಳಿದಿದ್ದವು. ಅವನ್ನೂ ಅವಳು ಬಣ್ಣದಲ್ಲೇ ಬರೆದಳು: ಒಂದು ಕಪ್ಪು ಚುಕ್ಕೆ, ಸುತ್ತ ತುಕ್ಕಿನ ಉಂಗುರ, ಪಕ್ಕದಲ್ಲಿ ಒಂದೆಳೆ ನೆರಳು. ಮುಖ್ಯಸ್ಥ ಪ್ಲಾತೋನ್ ಅರ್ಕಾದ್ಯೆವಿಚ್ ಬಹಳ ಹೊತ್ತು ನೋಡಿ, "ಅಳತೆ ಮೀರಿದೆ, ಹರಿದುಹಾಕ್ತೀನಿ" ಎಂದು ಎತ್ತಿಕೊಂಡು ಹೋಗಿದ್ದ. ಅವಳು ಎರಡು ದಿನ ಅತ್ತಿದ್ದಳು. ಆಮೇಲೆ ಬರೆದ ನಾನೂರು ನಕಲುಗಳೂ ಒಂದೊಂದು ಬೆರಳು ಚಿಕ್ಕವು, ಮತ್ತು ನಿಜ ಹೇಳಬೇಕೆಂದರೆ ಒಂದರಲ್ಲೂ ಆ ಜೀವ ಬರಲಿಲ್ಲ.

ನಕಲುಗಾರರು ಕುಂಚ ಹಿಡಿಯುವ ಮೊದಲು ಮೂಲವನ್ನು ಬೆರಳಿನಿಂದ ಓದುತ್ತಾರೆ. ಕಣ್ಣು ಮೋಸಹೋದೀತು, ಬೆರಳು ಹೋಗದು. ಫೈನಾಳ ಬೆರಳು ಅಂಚಿನ ಮೇಲೆ ಜಾರಿತು. ತೂತಿರಬೇಕಾದ ಕಡೆ ತೂತಿರಲಿಲ್ಲ. ಹಾಳೆ ತಿರುಗಿಸಿದಳು. ಹಿಂಬದಿ ನುಣ್ಣಗಿತ್ತು. ಇವು ಸೂಜಿಯ ತೂತುಗಳಲ್ಲ, ಅವಳೇ ಬರೆದ ಚುಕ್ಕೆಗಳು.

ಮೊದಲು ಬಂದದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ಮೂವತ್ತೆಂಟು ವರ್ಷ ಗಾಜಿನ ಹಿಂದೆ ತೂಗಿದ್ದು, ಜನ ಮುಂದೆ ನಿಂತು ಕಣ್ಣೊರೆಸಿಕೊಂಡದ್ದು, ಪುಸ್ತಕಗಳಲ್ಲಿ ಅಚ್ಚಾದದ್ದು ತನ್ನ ಕೈಯ ಚಿತ್ರ! ಹಾಗಾದರೆ ಮೂಲವೆಲ್ಲಿ ಎಂಬ ಪ್ರಶ್ನೆ ಆಮೇಲೆ ಹುಟ್ಟಿತು. ಪ್ಲಾತೋನ್ ಅದನ್ನು ಎಂದೋ ಯಾರಿಗೋ ದಾಟಿಸಿ, ಎದೆಯ ತುಂಬ ಪದಕ ಹೊತ್ತು ಮಣ್ಣಾಗಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಗ್ನಿಯಾಳನ್ನು ಕರೆದು, ಅವಳ ಬೆರಳು ಹಿಡಿದು ಅಂಚಿನ ಮೇಲೆ ಆಡಿಸಿದಳು. ಆಮೇಲೆ ಎಲ್ಲ ಹೇಳಿದಳು. ಅಗ್ನಿಯಾ ಸ್ಟೂಲು ಎಳೆದುಕೊಂಡು ಕೂತಳು.

"ಎಪ್ಪತ್ತೊಂಬತ್ತನೇ ಇಸವೀಲಿ ಉಗ್ರಾಣ ವಹಿಸ್ಕೊಂಡಾಗ ಸಹಿ ಹಾಕಿ ತಗೊಂಡಿದೀನಿ ಕಣೇ. ಒಂದೊಂದು ಹಾಳೆಗೂ. ಗಾಜು ಬಿಚ್ಚಿ ನೋಡ್ಲಿಲ್ಲ."

"ಕದ್ದವನು ಪ್ಲಾತೋನ್ ಅಂತ ನಾನು ಹೇಳ್ತೀನಿ."

"ಸತ್ತೋರನ್ನ ಯಾರು ಜೈಲಿಗೆ ಹಾಕ್ತಾರೆ? ಸಹಿ ಹಾಕಿದವಳು ಬದುಕಿದಾಳಲ್ಲ."

ಕಿಟಕಿಯಾಚೆ ಹಿಮ ಸುರಿಯುತ್ತಿತ್ತು. ಫೈನಾ ಚಿತ್ರವನ್ನು ಬೆಳಕಿನ ಕಡೆ ತಿರುಗಿಸಿದಳು.

"ನಾನು ಬರೆದದ್ದರಲ್ಲಿ ಚೆನ್ನಾಗಿರೋದು ಇದೊಂದೇ, ಅಗ್ನಿಯಾ."

"ಗೊತ್ತು."

"ನಾನೇ ಬರೆದದ್ದು ಅನ್ನೋದಕ್ಕೆ ಈ ಏಳು ಚುಕ್ಕೆ ಬಿಟ್ರೆ ಬೇರೆ ಸಾಕ್ಷಿ ಇಲ್ಲ."

ಅಗ್ನಿಯಾ ಏನನ್ನೂ ಬೇಡಲಿಲ್ಲ. ಬೇಡಿದ್ದರೆ ಬೈದಾದರೂ ಕಳಿಸಬಹುದಿತ್ತು. ಗಂಡನ ಊಟದ ಹೊತ್ತಾಯಿತೆಂದು ಎದ್ದು, ಕೋಟಿನ ಗುಂಡಿ ತಪ್ಪು ಕಾಜಿಗೆ ಹಾಕಿಕೊಂಡು ಹೊರಟುಹೋದಳು.

ಫೈನಾ ದರ್ಜಿಗಳ ಕೋಣೆಯಿಂದ ಹಳೆಯ ದಪ್ಪ ಗುಂಡುಸೂಜಿಯೊಂದನ್ನು ತಂದಳು. ಹಾಳೆಯ ಕೆಳಗೆ ದಪ್ಪ ಬಟ್ಟೆ ಹಾಸಿ ಮೊದಲ ಚುಕ್ಕೆಯ ನಟ್ಟನಡುವೆ ಚುಚ್ಚಿದಳು. ಮೂರನೆಯದಕ್ಕೆ ಬಂದಾಗ ಕೈ ನಿಂತಿತು; ಅದರ ತುಕ್ಕಿನ ಬಣ್ಣ ಕೂಡಿಬರಲು ಅಂದು ಒಂದು ವಾರ ಹಿಡಿದಿತ್ತು. ಅದನ್ನೂ ಚುಚ್ಚಿದಳು. ಏಳೂ ಮುಗಿದ ಮೇಲೆ, ಬೆಳಕು ಇನ್ನೂ ಒಂದು ಗಂಟೆ ಇದ್ದುದರಿಂದ, ಹೊಸ ನಕಲಿಗೆ ಗೆರೆ ಹಾಕಲು ಕೂತಳು.

ಶುಕ್ರವಾರ ಬಂದ ತಜ್ಞನಿಗೆ ರಷ್ಯನ್ ಚೆನ್ನಾಗಿ ಬರುತ್ತಿತ್ತು. ಭೂತಗನ್ನಡಿ ಹಿಡಿದು ಅಂಚು ನೋಡಿದ, ಹಿಂಬದಿ ತಡವಿ ತೃಪ್ತಿಯಿಂದ ತಲೆಯಾಡಿಸಿದ, ಗರಿಗಳ ಮೇಲೆ ಬಗ್ಗಿ ಉಸಿರು ಹಿಡಿದ. ಪಕ್ಕದಲ್ಲಿ ಫೈನಾಳ ಹೊಸ ನಕಲಿತ್ತು, ಒಂದು ಬೆರಳು ಚಿಕ್ಕದು.

"ನಿಮ್ಮದೂ ಪರವಾಗಿಲ್ಲ," ಎಂದ, ಒಳ್ಳೆಯ ಮನಸ್ಸಿನಿಂದಲೇ. "ಆದ್ರೆ ಇಲ್ನೋಡಿ. ಈ ಕೈಗೆ ಹೆದರಿಕೆ ಅನ್ನೋದೇ ಇಲ್ಲ. ನಿಮ್ಮ ಕೈ ಹೆದರುತ್ತೆ. ಇದನ್ನ ಕಲಿಯೋಕಾಗಲ್ಲ, ಹುಟ್ಟಿನಿಂದಲೇ ಬರಬೇಕು."

ಅಗ್ನಿಯಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ಹೌದು," ಎಂದಳು ಫೈನಾ, "ಆಗ ಹೆದರಿಕೆ ಇರ್ಲಿಲ್ಲ."