ಕೌಸ್ಲಿಪ್ ಹೂವಿನ ಹೆಸರು

ಮೇ ತಿಂಗಳ ಆ ಶನಿವಾರ ಟ್ಯಾಮ್ಸಿನ್‌ಳ ಮದುವೆ. ಅವಳ ಅಜ್ಜಿ ಹೆಸ್ಟರ್ ವಿಲ್ಟ್‌ಶೈರ್‌ನ ಹಳ್ಳಿಯಲ್ಲಿ ನಲವತ್ತು ವರ್ಷ ಹಸು ಸಾಕಿ ಹಾಲು ಕರೆದವಳು. ಬೆಳಿಗ್ಗೆಯೇ ಹುಲ್ಲುಗಾವಲಿಗೆ ಹೋಗಿ ಹಳದಿ ಕೌಸ್ಲಿಪ್ ಹೂಗಳನ್ನು ಕೊಯ್ದು ತಂದು, ಮೊಮ್ಮಗಳು ಕೈಯಲ್ಲಿ ಹಿಡಿಯಲೆಂದು ಗೊಂಚಲು ಕಟ್ಟುತ್ತಿದ್ದಳು.

ಅಷ್ಟರಲ್ಲಿ ಮದುಮಗನ ಸೋದರತ್ತೆ ಲವೀನಿಯಾ ಒಳಗೆ ಬಂದರು. ಲಂಡನ್ನಿನವರು, ಓದಿಕೊಂಡವರು. ಹೂ ನೋಡಿ ಮೂಗು ಮುರಿದರು.

"ಇದನ್ನ ಹಿಡ್ಕೊಂಡು ಚರ್ಚಿಗೆ ಬರ್ತೀಯಾ? ಈ ಹೆಸರಿಗೆ ಅರ್ಥ ಏನು ಗೊತ್ತಾ?"

"ಹಸುವಿನ ತುಟಿ ಅಲ್ವಾ?" ಎಂದಳು ಟ್ಯಾಮ್ಸಿನ್.

"ತುಟಿಯಂತೆ! ಕೌಸ್-ಲಿಪ್ ಅಲ್ಲ ಕಣಮ್ಮ, ಕೌ-ಸ್ಲಿಪ್. ಹಳೇ ಇಂಗ್ಲಿಷಲ್ಲಿ ಹಸುವಿನ ಸಗಣಿ ಅಂತ. ನಿಘಂಟಲ್ಲೇ ಇದೆ."

ಟ್ಯಾಮ್ಸಿನ್‌ಳ ಮುಖ ಕೆಂಪಾಯಿತು. ಹೆಸ್ಟರ್ ಮಾತ್ರ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿಘಂಟು ಸರಿಯಾಗೇ ಹೇಳಿದೆ ತಾಯಿ. ದನ ಮೇದು ಸಗಣಿ ಹಾಕೋ ಕಡೆನೇ ಇದು ಹುಟ್ಟೋದು. ನಮ್ಮಮ್ಮನೂ ಹಾಗೇ ಹೇಳ್ತಿದ್ಲು. ಇವಳ ಅಪ್ಪ ಅಮ್ಮ ತೀರಿಕೊಂಡಾಗ ಇವಳಿಗೆ ಮೂರು ವರ್ಷ. ಆ ಸಗಣಿ ಬಾಚಿದ ಕೈಯಲ್ಲೇ ಸಾಕಿದೀನಿ. ಇನ್ಯಾವ ಹೂ ಹಿಡ್ಕೋಬೇಕು ಇವಳು, ನೀವೇ ಹೇಳಿ."

ಟ್ಯಾಮ್ಸಿನ್ ತಲೆಯೆತ್ತಿದಳು.

"ಅಜ್ಜಿ, ಇನ್ನೊಂದು ಹಿಡಿ ಸೇರಿಸು. ಗೊಂಚಲು ಸಣ್ಣದಾಯ್ತು."

ಅಜ್ಜಿಯ ತೋಳು ಹಿಡಿದೇ ಅವಳು ಚರ್ಚಿನೊಳಗೆ ನಡೆದಳು. ಹಣ್ಣಿನಂಥ ಸಿಹಿ ಪರಿಮಳ ಸಾಲುಸಾಲು ಬೆಂಚುಗಳಿಗೂ ಹಬ್ಬಿತು. ಮದುವೆ ಮುಗಿದ ಮೇಲೆ ಲವೀನಿಯಾ ತಾವಾಗಿಯೇ ಹೆಸ್ಟರ್ ಬಳಿ ಬಂದು, ಟೋಪಿಗೆ ಸಿಕ್ಕಿಸಲು ಒಂದು ಹೂ ಕೇಳಿದರು. ಹೆಸ್ಟರ್ ನಕ್ಕು ಎರಡು ಕೊಟ್ಟಳು.