ನೂರ ಎಪ್ಪತ್ತೊಂದನೆಯ ಆಸನದ ಮೈಕು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಕತ್ತಿಗೆ ಕೊನೆಯ ಬೆಸುಗೆ ಬಿತ್ತು. ನಾನು ಒಂದು ಮೈಕು. ಹುಟ್ಟಿದ್ದು ಕೈಗಾರಿಕಾ ವಸಾಹತುವಿನ ಒಂದು ಶೆಡ್ಡಿನಲ್ಲಿ. ಬೆಸುಗೆ ಹಾಕಿದಾಕೆ ನನ್ನನ್ನು ಬಾಯಿಯ ಹತ್ತಿರ ಹಿಡಿದು, "ಹಲೋ, ಒಂದು, ಎರಡು, ಊಟಕ್ಕೆ ಇನ್ನೂ ಎರಡು ಗಂಟೆ ಇದೆ" ಎಂದಳು. ನಾನು ಕೇಳಿದ ಮೊದಲ ಮಾತು ಅದು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಕೇಳಿದ ಎಲ್ಲ ಮಾತಿನ ಬಗ್ಗೆ ಹಾಗೆ ಹೇಳಲಾರೆ.

ನಮ್ಮ ಕಂತಿನಲ್ಲಿ ಇನ್ನೂರ ಐವತ್ತು ಮೈಕುಗಳಿದ್ದವು. ಇನ್ನೂರ ಇಪ್ಪತ್ತನಾಲ್ಕು ವಿಧಾನಸಭೆಯ ಮೇಜುಗಳಿಗೆ ಹೋದವು, ಉಳಿದವು ಬದಲಿಗೆಂದು ಉಗ್ರಾಣಕ್ಕೆ. ನನಗೆ ಸಿಕ್ಕಿದ್ದು ಹಿಂದಿನಿಂದ ಎರಡನೆಯ ಸಾಲಿನ ನೂರ ಎಪ್ಪತ್ತೊಂದನೆಯ ಆಸನ. ಅಲ್ಲಿಂದ ಸಭಾಧ್ಯಕ್ಷರ ಪೀಠ ಅಂಗೈಯಷ್ಟು ಕಾಣುತ್ತದೆ. ನನ್ನ ಒಡೆಯರನ್ನು ಮಾತ್ರ ತೀರ ಹತ್ತಿರದಿಂದ, ಕೆಳಗಿನಿಂದ ಕಾಣುತ್ತೇನೆ: ಗದ್ದ, ಮೂಗಿನ ಹೊಳ್ಳೆ, ಕನ್ನಡಕದ ಕೆಳಗಿನ ಅಂಚು. ಕ್ಷೌರ ಮಾಡುವಾಗ ಎಲ್ಲಿ ಬಿಟ್ಟಿದ್ದಾರೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ನನ್ನನ್ನು ಮಾತಾಡಿಸುವುದು, ಸುಮ್ಮನಿರಿಸುವುದು ಗಾಜಿನ ಕೋಣೆಯಲ್ಲಿ ಕೂತ ಆಪರೇಟರ್ ಅನಸೂಯಾ ಅವರ ಕೆಲಸ. ಅವರು ಗುಂಡಿ ಒತ್ತಿದರೆ ನನ್ನ ತಲೆಯ ಸುತ್ತ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಒಡೆಯರ ಮಾತು ಸದನಕ್ಕೆಲ್ಲ ಕೇಳುತ್ತದೆ, ಕಡತಕ್ಕೆ ಹೋಗುತ್ತದೆ. ದೀಪ ಆರಿದ ಮೇಲೂ ನನಗೆ ಕಿವಿ ಇರುತ್ತದೆ. ಕೇಳಿದ್ದು ಹೊರಗೆ ಹೋಗುವುದಿಲ್ಲ, ಅಷ್ಟೇ.

ನನ್ನ ಮೊದಲ ಒಡೆಯರು ದೊಡ್ಡ ದೇಹದವರು. ಏಳುವ ಮೊದಲು ನನ್ನ ತಲೆಗೆ ಎರಡು ಸಲ ತಟ್ಟುತ್ತಿದ್ದರು. "ಮಾನ್ಯ ಸಭಾಧ್ಯಕ್ಷರೇ, ನಾನು ಹೆಚ್ಚು ಮಾತಾಡುವುದಿಲ್ಲ" ಎಂದು ಆರಂಭಿಸಿ ನಲವತ್ತು ನಿಮಿಷ ಮಾತಾಡುತ್ತಿದ್ದರು. ಐದು ವರ್ಷ ಇದ್ದರು. ಎರಡನೆಯವರು ಎಂಟೇ ತಿಂಗಳಲ್ಲಿ ಲೋಕಸಭೆಗೆ ಗೆದ್ದು ದಿಲ್ಲಿಗೆ ಹೋದರು. ತೆರವಾದ ಕ್ಷೇತ್ರಕ್ಕೆ ಉಪಚುನಾವಣೆ ನಡೆದು ಮಲ್ಲೇಶಪ್ಪ ತಳವಾರ ಬಂದರು.

ಮಲ್ಲೇಶಪ್ಪ ಕೃಷ್ಣಾ ದಂಡೆಯವರು, ನಿವೃತ್ತ ಮೇಷ್ಟ್ರು, ವಿರೋಧ ಪಕ್ಷದವರು. ಎರಡು ವರ್ಷದಲ್ಲಿ ಅವರು ನನ್ನ ಮುಂದೆ ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಅವರ ಪಕ್ಕದ ಆಸನ ಪಕ್ಷದ ಸಚೇತಕ ಕರಿಗೌಡರದು. ಮಂಡ್ಯದ ಕಡೆಯವರು, ಐದು ಸಲ ಗೆದ್ದವರು. ಮುಂದಿನ ಸಾಲಿನಲ್ಲಿ ಜಾಗ ಇದ್ದರೂ ಹಿಂದೆಯೇ ಕೂರುತ್ತಿದ್ದರು. "ಮುಂದೆ ಕೂತರೆ ನೀವೆಲ್ಲ ಹಿಂದಿನಿಂದ ಕ್ಯಾಂಟೀನಿಗೆ ಜಾರ್ತೀರಿ" ಎನ್ನುವುದು ಅವರು ಕೊಟ್ಟ ಕಾರಣ.

ಸದನದ ದಿನಚರಿ ಹನ್ನೊಂದಕ್ಕೆ ಕೋರಂ ಗಂಟೆಯಿಂದ ಆರಂಭ. ಆಮೇಲೆ ಪ್ರಶ್ನೋತ್ತರ, ಶೂನ್ಯ ವೇಳೆ, ಕಾಗದಪತ್ರಗಳ ಮಂಡನೆ, ವಿಧೇಯಕಗಳು. ಅಧಿವೇಶನದ ಮೊದಲ ದಿನ ಮಾತ್ರ ಬೇರೆ. ಅವತ್ತು ಸಂತಾಪ ಸೂಚನೆ. ಹಿಂದಿನ ತಿಂಗಳುಗಳಲ್ಲಿ ತೀರಿಕೊಂಡವರ ಹೆಸರನ್ನು ಸಭಾಧ್ಯಕ್ಷರು ಓದುತ್ತಾರೆ. ಮಾಜಿ ಮಂತ್ರಿಗಳ ಜೊತೆ ಒಬ್ಬ ಗರಡಿ ಉಸ್ತಾದರು, ಒಬ್ಬ ನಾಟಿ ವೈದ್ಯರು, ಶಾಲೆಗೆ ಜಾಗ ಕೊಟ್ಟ ಒಬ್ಬ ಅಮ್ಮ ಇರುತ್ತಾರೆ. ಆಯಾ ಊರಿನ ಶಾಸಕರು ಎದ್ದು ತಮ್ಮವರ ಬಗ್ಗೆ ಎರಡು ಮಾತು ಸೇರಿಸುತ್ತಾರೆ. ದಿನವೆಲ್ಲ ಜಗಳವಾಡುವವರು ಆ ಅರ್ಧ ಗಂಟೆ ಬಹಳ ಚೆನ್ನಾಗಿ ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಎದ್ದು ಒಂದು ನಿಮಿಷ ಮೌನ.

ಮಲ್ಲೇಶಪ್ಪನವರಿಗೂ ಹೇಳಬೇಕಾದ ಹೆಸರೊಂದಿತ್ತು: ಯಂಕವ್ವ ಅಂಬಿಗೇರ. ವಯಸ್ಸು ಎಪ್ಪತ್ತೊಂಬತ್ತು. ನದಿಯ ನಡುವಿನ ಹೊಳೆಗಡ್ಡಿ ಎಂಬ ಊರಿಗೆ ನಲವತ್ತೊಂದು ವರ್ಷ ಹರಿಗೋಲು ಹಾಕಿದವರು. ಒಂದು ಅಧಿವೇಶನ ನಡೆಯುತ್ತಿದ್ದ ತಿಂಗಳ ಮೂರರಂದು ಊರಿಗೆ ಸೇತುವೆ ಆಗಿತ್ತು, ಯಂಕವ್ವನ ಕೆಲಸ ಮುಗಿದಿತ್ತು. ಅವರ ಹೆಸರು ಸದನದಲ್ಲಿ ಕೇಳಬೇಕು, ಅವರ ಕಿವಿಗೇ ಬೀಳಬೇಕು ಎಂಬುದು ಮೇಷ್ಟ್ರ ಆಸೆ. ಅಭಿನಂದನೆಗೆ ಅವಕಾಶ ಕೇಳಿ ಪತ್ರ ಕೊಟ್ಟರು. ವ್ಯಕ್ತಿಗಳ ಗುಣಗಾನ ಸಂತಾಪ ಸೂಚನೆಯಲ್ಲಿ ಮಾತ್ರ ಮಾಡುವುದು ಈ ಸದನದ ಸಂಪ್ರದಾಯ ಎಂದು ಕಾರ್ಯದರ್ಶಿಗಳಿಂದ ಉತ್ತರ ಬಂತು.

ಕರಿಗೌಡರು ಆ ಕಾಗದ ಓದಿ ಹಿಂದಕ್ಕೆ ಕೊಟ್ಟರು. "ಮೇಷ್ಟ್ರೇ, ಇಲ್ಲಿ ಒಳ್ಳೇ ಮಾತು ಹೇಳಿಸ್ಕೋಬೇಕು ಅಂದ್ರೆ ಮೊದ್ಲು ಸಾಯ್ಬೇಕು ಕಣ್ರೀ. ನಾನೂ ಇಪ್ಪತ್ತೆರಡು ವರ್ಷದಿಂದ ಕಾಯ್ತಾ ಇದೀನಿ."

"ಸತ್ತ ಮ್ಯಾಲ ಆಕಿಗೆ ಕೇಳಸ್ತೈತೇನ್ರಿ ಗೌಡ್ರ?"

"ಕೇಳ್ಸಲ್ಲ. ಅದ್ಕೇ ಅಲ್ವೇ ಎಲ್ರೂ ಧೈರ್ಯವಾಗಿ ಹೊಗಳೋದು."

ಮಲ್ಲೇಶಪ್ಪ ಸಭಾಧ್ಯಕ್ಷರ ಕೊಠಡಿಗೇ ಹೋದರು. ಸಭಾಧ್ಯಕ್ಷರು ಒಂದು ದಾರಿ ತೋರಿಸಿದರು: ಕೊನೆಯ ದಿನದ ಶೂನ್ಯ ವೇಳೆಯಲ್ಲಿ ಎರಡು ನಿಮಿಷ, ಸೇತುವೆಯ ವಿಷಯ ಎತ್ತಿ ಅದರೊಳಗೆ ಹೆಸರು ಹೇಳಬಹುದು. ಆದರೆ ಗ್ಯಾಲರಿಯಲ್ಲಿ ಕೂತವರನ್ನು ಸದಸ್ಯರು ಮಾತಿನಲ್ಲಿ ಪ್ರಸ್ತಾಪಿಸುವಂತಿಲ್ಲ, ಅದು ನಿಯಮ. ಯಂಕವ್ವ ಮೇಲೆ ಕೂತಿದ್ದರೂ ಇಲ್ಲವೆಂಬಂತೆ ಮಾತಾಡಬೇಕು. ಮೇಷ್ಟ್ರು ಒಪ್ಪಿದರು.

ಕೊನೆಯ ದಿನ ಬೆಳಗ್ಗೆ ಹತ್ತು ಐವತ್ತಕ್ಕೆ ಕರಿಗೌಡರು ಬಂದು ಕೂತರು. "ಬಸ್ ದರ ಏರಿಸಿದಾರೆ. ಪ್ರಶ್ನೋತ್ತರ ಮುಗೀತಿದ್ದಂಗೆ ಎಲ್ರೂ ಬಾವಿಗೆ ಇಳೀಬೇಕು. ಮೊಣಕಾಲು ನೋವು ಅನ್ನಂಗಿಲ್ಲ ಮೇಷ್ಟ್ರೇ."

ಬಾವಿ ಎಂದರೆ ಪೀಠದ ಮುಂದಿನ ಖಾಲಿ ಜಾಗ. ಧರಣಿ ಅಲ್ಲೇ. ಧರಣಿ ಆರಂಭವಾದರೆ ಸಭಾಧ್ಯಕ್ಷರು ಕಲಾಪ ಮುಂದೂಡುತ್ತಾರೆ. ಕೊನೆಯ ದಿನ ಮುಂದೂಡಿದರೆ ಮತ್ತೆ ಸೇರುವುದು ನಾಲ್ಕು ತಿಂಗಳ ಮೇಲೆ.

ಮೇಷ್ಟ್ರ ಗದ್ದ ನನಗೆ ಇನ್ನಷ್ಟು ಹತ್ತಿರ ಬಂತು. "ಎರಡ ನಿಮಿಷ ತಡದ್ರ ನಡೀತೈತೇನ್ರಿ?"

"ಮುಂದಿನ ಅಧಿವೇಶನದಲ್ಲಿ ಹೇಳಿದ್ರಾಯ್ತು ಬಿಡಿ."

"ಆಕಿನ್ನ ರಾತ್ರಿಪೂರ್ತಿ ರೈಲಿನ್ಯಾಗ ಕುಂದ್ರಿಸ್ಕೊಂಡು ಬಂದೀನ್ರಿ. ಮ್ಯಾಲ ಕುಂದರಾಕ ಪಾಸು ಹನ್ನೆರಡರಿಂದ ಒಂದರ ತನಕ ಐತಿ. ಎಪ್ಪತ್ತೊಂಬತ್ರಾಕಿಗೆ ಮತ್ತ ಬಾ ಅಂತ ಹೆಂಗ ಹೇಳ್ಲಿ?"

"ಪಕ್ಷದ ತೀರ್ಮಾನ ಮೇಷ್ಟ್ರೇ."

"ನಾ ಆ ಊರಾಗ ಮಾಸ್ತರಿದ್ದಾಗ, ಹೊಳಿ ತುಂಬಿದ್ರೂ ಆಕಿ ನನ್ನ ಸಾಲಿಗೆ ಮುಟ್ಟಿಸ್ಯಾಳ್ರೀ. ಒಂದ ದಿನಾ ನಾಳೆ ಬಾ ಅಂದಿಲ್ಲ."

ಕರಿಗೌಡರು ಒಂದು ಚೀಟಿ ಬರೆದು ತಮ್ಮ ನಾಯಕರಿಗೆ ಕಳಿಸಿದರು. ಹತ್ತು ನಿಮಿಷದಲ್ಲಿ ಅದೇ ಚೀಟಿ ತಿರುಗಿ ಬಂತು. ಗೌಡರು ಗಟ್ಟಿಯಾಗಿ ಓದಿದರು: "ಎರಡೇ ನಿಮಿಷ. ಮೂರನೆಯದಕ್ಕೆ ನಾನೇ ಇಳಿಯುತ್ತೇನೆ."

ಪ್ರಶ್ನೋತ್ತರ ಹನ್ನೆರಡಕ್ಕೆ ಮುಗಿಯಬೇಕಿತ್ತು. ಒಬ್ಬ ಮಂತ್ರಿ ಉತ್ತರ ಹುಡುಕಿದ್ದರಿಂದ ಹನ್ನೆರಡು ಮೂವತ್ತೊಂದಾಯಿತು. ಮಲ್ಲೇಶಪ್ಪ ನಾಲ್ಕು ಸಲ ಗ್ಯಾಲರಿಯತ್ತ ಕತ್ತೆತ್ತಿದರು. ಮೊದಲ ಸಾಲಿನಲ್ಲಿ ಅವರ ಹೆಂಡತಿಯ ಪಕ್ಕ ಹಸಿರು ಇಳಕಲ್ ಸೀರೆಯ ಒಬ್ಬ ಗಟ್ಟಿ ಮುದುಕಿ ಕೂತಿದ್ದರು. ಕೈಗಳು ಕಟಕಟೆಯ ಮೇಲಿದ್ದವು. ಅಷ್ಟು ದೂರದಿಂದಲೂ ಆ ಕೈಗಳು ದೊಡ್ಡವಾಗಿ ಕಂಡವು.

ಹನ್ನೆರಡು ಮೂವತ್ತಮೂರಕ್ಕೆ ಸಭಾಧ್ಯಕ್ಷರು ಹೆಸರು ಕರೆದರು. ಅನಸೂಯಾ ಗುಂಡಿ ಒತ್ತಿದರು.

"ಮಾನ್ಯ ಸಭಾಧ್ಯಕ್ಷರೇ, ಹೊಳೆಗಡ್ಡಿಗೆ ಸೇತುವೆ ಆಗಿದೆ. ಸರ್ಕಾರಕ್ಕೆ ವಂದನೆ. ಅದಕ್ಕೂ ಮೊದಲು ಆ ಊರಿಗೆ ಸೇತುವೆ ಅಂದರೆ ಯಂಕವ್ವ ಅಂಬಿಗೇರ. ಗಂಡ ತೀರಿಕೊಂಡ ಹದಿನಾಲ್ಕನೇ ದಿನ ಹುಟ್ಟು ಹಿಡಿದವಳು ನಲವತ್ತೊಂದು ವರ್ಷ ಬಿಡಲಿಲ್ಲ. ಮಕ್ಕಳು, ಮದುಮಕ್ಕಳು, ಬಾಣಂತಿಯರು, ಗ್ಯಾಸ್ ಸಿಲಿಂಡರು, ಎಮ್ಮೆ ಕರು, ಎಲ್ಲ ದಾಟಿಸಿದಳು. ಒಂದು ಜೀವ ನೀರುಪಾಲಾಗಲಿಲ್ಲ. ಹತ್ತು ಚುನಾವಣೆಗಳ ಮತಪೆಟ್ಟಿಗೆಗಳು ಆಕೆಯ ಹರಿಗೋಲಿನಲ್ಲಿ ಬಂದಿವೆ. ಒಮ್ಮೆ ಮತಗಟ್ಟೆ ಅಧಿಕಾರಿಗೆ ಈಜು ಬರುವುದಿಲ್ಲ ಎಂದು ಗೊತ್ತಾಗಿ ಅವರ ಸೊಂಟಕ್ಕೆ ಎರಡು ಸೋರೆಬುರುಡೆ ಕಟ್ಟಿ ಕೂರಿಸಿದ್ದಳು."

ಆಡಳಿತ ಪಕ್ಷದ ಸಾಲಿನಲ್ಲೂ ನಗು ಎದ್ದಿತು. ಬಾವಿಗೆ ಇಳಿಯಲು ಆಸನದ ಅಂಚಿಗೆ ಸರಿದಿದ್ದ ವಿರೋಧ ಪಕ್ಷದವರು ಹಿಂದಕ್ಕೆ ಒರಗಿದರು.

"ಬಾವಿಗೆ ಇಳಿಯುವವರು ಇಲ್ಲಿ ಬಹಳ ಮಂದಿ ಇದ್ದೇವೆ. ಹೊಳೆಗೆ ಇಳಿದವಳು ಆಕೆ. ಸೇತುವೆ ಉದ್ಘಾಟನೆಯ ಸಂಜೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದಳು. ಆಕೆಯ ಹೆಸರು ಈ ಸದನದ ಕಡತದಲ್ಲಿ ಇರಬೇಕು. ಇಷ್ಟೇ ನನ್ನ..." ಕನ್ನಡಕ ತೆಗೆದರು. ಮಾತು ಮುಗಿಸದೆ ಕೂತುಬಿಟ್ಟರು.

ಒಂದು ನಿಮಿಷ ಐವತ್ತೆರಡು ಸೆಕೆಂಡು ಆಗಿತ್ತು.

ಆಮೇಲೆ ಆದದ್ದನ್ನು ನೋಡಿದಂತೆಯೇ ಹೇಳುತ್ತೇನೆ. ಸಭಾಧ್ಯಕ್ಷರು ಆ ಹೊತ್ತು ಕಾರ್ಯದರ್ಶಿಗಳು ಕೊಟ್ಟ ಕಾಗದಗಳಿಗೆ ಸಹಿ ಹಾಕುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. ಸದನ ನಿಶ್ಶಬ್ದವಾಯಿತು. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಹದಿನಾರು ವರ್ಷ ಈ ಸದನದಲ್ಲಿ ಕಳೆದ ಸಭಾಧ್ಯಕ್ಷರಿಗೆ ಅಂಥ ನಿಶ್ಶಬ್ದದಲ್ಲಿ ಮುಂದೆ ಏನು ಮಾಡಬೇಕೆಂದು ಮೈಗೇ ಗೊತ್ತಿತ್ತು. ಪೆನ್ನು ಇಟ್ಟರು, ಎದ್ದರು, ಕೈ ಕಟ್ಟಿ ತಲೆ ಬಗ್ಗಿಸಿದರು. ಮುಖ್ಯಮಂತ್ರಿಗಳು ಎದ್ದರು. ವಿರೋಧ ಪಕ್ಷದ ನಾಯಕರು ಎದ್ದರು. ಕುರ್ಚಿಗಳು ಸರಸರ ಹಿಂದೆ ಸರಿದವು. ನೂರ ಎಂಬತ್ತು ಮಂದಿ, ಬದುಕಿರುವ ಯಂಕವ್ವನಿಗೆ, ತಲೆ ತಗ್ಗಿಸಿ ಮೌನ ಆಚರಿಸತೊಡಗಿದರು.

ಮಲ್ಲೇಶಪ್ಪ ಗಾಬರಿಯಿಂದ ಎದ್ದು ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು. ಅನಸೂಯಾ ಕೂಡ ಗಾಜಿನ ಕೋಣೆಯಲ್ಲಿ ಎದ್ದು ನಿಂತಿದ್ದರು, ನನ್ನ ಗುಂಡಿ ಆರಿಸಿರಲಿಲ್ಲ. ಪಿಸುಮಾತು ಸದನದ ಎಲ್ಲ ಧ್ವನಿವರ್ಧಕಗಳಲ್ಲಿ ಹೊರಟಿತು:

"ಗೌಡ್ರ, ಆಕಿ ಬದಕ್ಯಾಳ್ರೀ. ಮ್ಯಾಲ ಕುಂತಾಳ."

ನೂರ ಎಂಬತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಯಂಕವ್ವ ಕಟಕಟೆ ಹಿಡಿದು ಎದ್ದು ನಿಂತರು. ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗಿ ಮಾತಾಡಿದ ಗಂಟಲು ಅದು, ನನ್ನಂಥವರ ಸಹಾಯ ಬೇಕಿರಲಿಲ್ಲ.

"ಇಲ್ಲೇ ಅದೀನಿ, ಕುಂದರ್ರೆಪ್ಪ. ಎಷ್ಟೊತ್ತು ನಿಂದರ್ತೀರಿ?"

ಮೊದಲು ನಕ್ಕವರು ಮುಖ್ಯಮಂತ್ರಿಗಳು. ಆಮೇಲೆ ಯಾರ ನಗು ಯಾರದೆಂದು ಗುರುತಿಸಲು ನನಗಾಗಲಿಲ್ಲ. ಸಭಾಧ್ಯಕ್ಷರು ಮಾತ್ರ ನಿಂತೇ ಇದ್ದರು, ಕಿವಿ ಕೆಂಪಾಗಿತ್ತು. ನಗು ಇಳಿಯುವವರೆಗೆ ಕಾದು ಹೇಳಿದರು: "ಸದನ ಎದ್ದು ನಿಂತದ್ದು ಗೌರವಕ್ಕೆ. ಗೌರವ ಪಡೆಯಲು ತೀರಿಕೊಂಡಿರಬೇಕು ಎಂಬ ನಿಯಮ ನನ್ನ ಗಮನಕ್ಕೆ ಬಂದಿಲ್ಲ. ಎಲ್ಲರೂ ಕುಳಿತುಕೊಳ್ಳಿ." ಸದಸ್ಯರೆಲ್ಲ ಮೇಜು ಕುಟ್ಟಿದ ರಭಸಕ್ಕೆ ನನ್ನ ಕತ್ತು ನಡುಗಿತು. "ಗ್ಯಾಲರಿಯಿಂದ ಬಂದ ಮಾತು ಕಡತಕ್ಕೆ ಹೋಗುವುದಿಲ್ಲ" ಎಂದೂ ಸಭಾಧ್ಯಕ್ಷರು ಸೇರಿಸಿದರು.

ಕರಿಗೌಡರು ನಿಯಮದ ಆಕ್ಷೇಪ ಎತ್ತಿ ಎದ್ದರು. "ಕ್ರಿಯಾಲೋಪ, ಸಭಾಧ್ಯಕ್ಷರೇ. ನಾವು ಎದ್ದಿದ್ದು ಕಡತದಲ್ಲಿದೆ. ಆ ತಾಯಿ ಮಾತು ಇಲ್ಲದೇ ಹೋದ್ರೆ, ನಾವು ಯಾಕೆ ಕೂತ್ವಿ ಅಂತ ನಾಳೆ ಓದೋರಿಗೆ ಹೆಂಗೆ ಗೊತ್ತಾಗಬೇಕು?"

ಸಭಾಧ್ಯಕ್ಷರು ಕಾರ್ಯದರ್ಶಿಗಳ ಕಡೆ ನೋಡಿದರು. ಕಾರ್ಯದರ್ಶಿಗಳು ನಿಯಮದ ಪುಸ್ತಕ ನೋಡಿದರು, ಮುಚ್ಚಿದರು. "ಮಾತು ಕಡತಕ್ಕೆ ಹೋಗಲಿ" ಎಂದು ಆದೇಶವಾಯಿತು. ಅಚ್ಚಾದ ನಡವಳಿಯಲ್ಲಿ ಅದು ಇದೆ. ಹೇಳಿದವರ ಹೆಸರಿನ ಜಾಗದಲ್ಲಿ "ಗ್ಯಾಲರಿಯಿಂದ ಒಂದು ಧ್ವನಿ" ಎಂದಿದೆ.

ಗ್ಯಾಲರಿಯಲ್ಲಿ ಮಾತಾಡಿದವರನ್ನು ಹೊರಗೆ ಕಳಿಸುವುದು ಮಾರ್ಷಲರ ಕರ್ತವ್ಯ. ಅವರು ಮೇಲೆ ಹೋಗಿ ಯಂಕವ್ವನನ್ನು ಹೊರಗೆ ಕರೆದುಕೊಂಡು ಹೋದರು. ಹೊರಗೆ ನಡೆದದ್ದನ್ನು ಮೇಷ್ಟ್ರು ಆಮೇಲೆ ಗೌಡರಿಗೆ ಹೇಳಿದಾಗ ಕೇಳಿಸಿಕೊಂಡೆ. ಮಾರ್ಷಲರು ತಮ್ಮ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಯಂಕವ್ವ ಬಸಿಯಲ್ಲಿ ಹುಯ್ದುಕೊಂಡು ಕುಡಿದು ಕೇಳಿದರಂತೆ: "ಇವರು ದಿನಾ ಹಿಂಗ ನಿಂದರ್ತಾರೇನ?"

"ಇಲ್ಲಜ್ಜಿ, ಹೆಚ್ಚಾಗಿ ಕೂಗಾಡ್ತಾರೆ."

"ಹಂಗಾರ ನಾ ಬಂದಿದ್ದ ಚೊಲೋ ಆತು."

ಧರಣಿಯೂ ನಡೆಯಿತು. ಹನ್ನೆರಡು ನಲವತ್ತಮೂರಕ್ಕೆ ಎಲ್ಲರೂ ಬಾವಿಗೆ ಇಳಿದರು, ಮಲ್ಲೇಶಪ್ಪ ಮೊದಲಿಗರಾಗಿ. ಘೋಷಣೆ ಕೂಗುವವರ ಮುಖದಲ್ಲಿ ನಗು ಪೂರ್ತಿ ಹೋಗಿರಲಿಲ್ಲ. ಹನ್ನೆರಡು ಐವತ್ತಕ್ಕೆ ಕಲಾಪ ಅನಿರ್ದಿಷ್ಟ ಕಾಲ ಮುಂದೂಡಲಾಯಿತು. ಬಸ್ ದರ ಇಳಿಯಲಿಲ್ಲ.

ಮುಂದಿನ ಅಧಿವೇಶನಕ್ಕೆ ಬದುಕಿರುವವರ ಹೆಸರು ಹೊತ್ತ ಹದಿನೇಳು ಅರ್ಜಿಗಳು ಬಂದವು: ಒಬ್ಬ ಅಂಚೆಯಣ್ಣ, ಒಬ್ಬ ಕುಸ್ತಿಪಟು, ಮೂವತ್ತು ವರ್ಷ ಒಂದೇ ಹಾದಿಯಲ್ಲಿ ದುಡಿದ ಒಬ್ಬ ಬಸ್ ಕಂಡಕ್ಟರ್. ಸಭಾಧ್ಯಕ್ಷರು ಹನ್ನೊಂದಕ್ಕೆ ಅನುಮತಿ ಕೊಟ್ಟರು. ಸದಸ್ಯರಿಗೆ ಒಂದು ಸುತ್ತೋಲೆಯೂ ಹೋಯಿತು: ಬದುಕಿರುವವರ ಅಭಿನಂದನೆಯ ವೇಳೆ ಮೇಜು ಕುಟ್ಟತಕ್ಕದ್ದು, ಎದ್ದು ನಿಲ್ಲತಕ್ಕದ್ದಲ್ಲ.

ಅದಾಗಿ ನಾಲ್ಕು ವರ್ಷಕ್ಕೆ ಸದನಕ್ಕೆ ಹೊಸ ಮೈಕುಗಳು ಬಂದವು. ಚಪ್ಪಟೆ ಜಾತಿ, ಕತ್ತೇ ಇಲ್ಲ. ನನ್ನನ್ನು ಬಿಚ್ಚಿ ಹೊಸ ಶಾಸಕರ ತರಬೇತಿ ಕೋಣೆಯಲ್ಲಿ ಇಟ್ಟರು. ಚುನಾವಣೆಗೆ ನಿಲ್ಲುವುದು ಬಿಟ್ಟಿರುವ ಕರಿಗೌಡರು ಆಗಾಗ ಬಂದು ಅಲ್ಲಿ ಪಾಠ ಮಾಡುತ್ತಾರೆ. ಇಲ್ಲಿಗೆ ಬಂದು ಐದು ವರ್ಷವಾದರೂ ನನ್ನ ದೀಪ ಈಗಲೂ ಹೊತ್ತುತ್ತದೆ. ಹೊಸಬರು ನನ್ನ ಮುಂದೆ ಬಾಯಿ ಒಣಗಿಸಿಕೊಂಡು, "ಮಾನ್ಯ ಸಭಾಧ್ಯಕ್ಷರೇ" ಎನ್ನುತ್ತಾರೆ. ಪೀಠದಲ್ಲಿ ಯಾರೂ ಇರುವುದಿಲ್ಲ. ನನಗೆ ಈ ಕೆಲಸ ಇಷ್ಟ. ಮಾತು ಇನ್ನೂ ಕೆಟ್ಟಿರುವುದಿಲ್ಲ.

ಸದನದ ಹನ್ನೆರಡು ವರ್ಷದ ಸೇವೆಯಲ್ಲಿ ನನ್ನ ಮೂಲಕ ಹಾದುಹೋದ ಹೊಗಳಿಕೆ ಬಹಳ. ಹೊಗಳಿಸಿಕೊಂಡವರು ತಿರುಗಿ ಮಾತಾಡಿದ್ದನ್ನು ಒಂದೇ ಸಲ ಕೇಳಿದೆ.

ಕರಿಗೌಡರು ಹೋದ ವಾರದ ಪಾಠದಲ್ಲಿ ಒಂದು ಲೆಕ್ಕ ಕೊಟ್ಟರು. ಆ ದಿನ ಎದ್ದು ನಿಂತವರ ಪೈಕಿ ಹದಿನಾಲ್ಕು ಮಂದಿಗೆ ಸದನ ಆಮೇಲೆ ಸಂತಾಪ ಸೂಚಿಸಿದೆ. ಯಂಕವ್ವನಿಗೆ ಈಗ ಎಂಬತ್ತೆಂಟು. ಮೊನ್ನೆಯ ಸಂತೆಗೆ ಸೇತುವೆಯ ಮೇಲೆ ನಡೆದೇ ಹೋಗಿ ಬಂದಿದ್ದಾರೆ.